ಚಿತ್ರ ಬರುತ್ತೆ, ದನಿ ಬರಲ್ಲ: ಮೀಡಿಯಾ ಪ್ಲೇಯರ್‌ಗಳ ಹಿನ್ನೆಲೆ

ಪೆನ್‌ಡ್ರೈವ್‌ನಲ್ಲಿರುವ ವಿಡಿಯೊ ಲ್ಯಾಪ್‌ಟಾಪ್‌ನಲ್ಲಿ ಚೆನ್ನಾಗಿ ಪ್ಲೇ ಆಗುತ್ತದೆ. ಅದೇ ಫೈಲ್ ಫೋನಿಗೆ ಹಾಕಿದರೆ ಚಿತ್ರ ಬರುತ್ತದೆ, ದನಿ ಬರುವುದಿಲ್ಲ. ಫೈಲ್ ಕೆಟ್ಟಿದೆ ಎಂದುಕೊಂಡು ಮತ್ತೆ ಡೌನ್‌ಲೋಡ್ ಮಾಡುವವರೇ ಹೆಚ್ಚು. ಸಾಮಾನ್ಯವಾಗಿ ಫೈಲ್ ಕೆಟ್ಟಿರುವುದಿಲ್ಲ.

ಎವಿಐ, ಎಂಪಿ4, ಎಂಕೆವಿ ಇವೆಲ್ಲ ಡಬ್ಬಿಗಳು. ಒಳಗಿನ ಚಿತ್ರವನ್ನು ಒಂದು ಕೋಡೆಕ್, ದನಿಯನ್ನು ಇನ್ನೊಂದು ಕೋಡೆಕ್ ಅದುಮಿಟ್ಟಿರುತ್ತದೆ. ಅದನ್ನು ಬಿಡಿಸುವ ಕೋಡೆಕ್ ಪ್ಲೇಯರ್‌ಗೆ ಸಿಗದಿದ್ದರೆ ಡಬ್ಬಿ ತೆರೆದೂ ಪ್ರಯೋಜನವಿಲ್ಲ. ಫೈಲ್ ಹೆಸರಿನ ಕೊನೆಯಲ್ಲಿ ಎಂಕೆವಿ ಅಳಿಸಿ ಎಂಪಿ4 ಎಂದು ಬರೆದರೆ ಡಬ್ಬಿಯ ಮೇಲಿನ ಚೀಟಿಯಷ್ಟೇ ಬದಲಾಗುತ್ತದೆ.

1991ರ ಡಿಸೆಂಬರಿನಲ್ಲಿ ಮ್ಯಾಕ್‌ಗೆ ಕ್ವಿಕ್‌ಟೈಮ್, ಮರುವರ್ಷ ವಿಂಡೋಸ್‌ಗೆ ಎವಿಐ, 1995ರಲ್ಲಿ ಇಂಟರ್‌ನೆಟ್‌ನಲ್ಲಿ ರಿಯಲ್‌ಆಡಿಯೊ, 1997ರಲ್ಲಿ ಎಂಪಿ3 ಕೇಳಲು ವಿನಾಂಪ್: ಹೀಗೆ ಒಂದೊಂದು ಬಗೆಯ ಫೈಲಿಗೂ ಒಂದೊಂದು ಪ್ಲೇಯರ್ ಬೇಕಾಯಿತು.

ಗೋಜಲು ನಿಜಕ್ಕೂ ಬಿಗಿಯಾದದ್ದು 1999ರ ಆಸುಪಾಸಿನಲ್ಲಿ. ಮೈಕ್ರೋಸಾಫ್ಟ್‌ನ ಎಂಪೆಗ್-4 ಕೋಡೆಕ್ ಅನ್ನು ಯಾರೋ ತಿದ್ದಿ, ಎವಿಐ ಒಳಗೂ ಬಳಸುವಂತೆ ಮಾಡಿದರು. ಡಿವ್‌ಎಕ್ಸ್ ಎಂಬ ಹೆಸರಿನಲ್ಲಿ ಅದು ಹರಡಿತು. ಇಡೀ ಸಿನಿಮಾ 700 ಎಂಬಿ ಸಿಡಿಯೊಂದರಲ್ಲಿ ಹಿಡಿಯತೊಡಗಿತು. ವಿಂಡೋಸ್‌ನಲ್ಲಿ ಆಗ ಕೋಡೆಕ್‌ಗಳು ಪ್ಲೇಯರ್‌ನೊಳಗೆ ಇರುತ್ತಿರಲಿಲ್ಲ, ಸಿಸ್ಟಮ್‌ಗೇ ಸೇರುತ್ತಿದ್ದವು. ಎಲ್ಲ ಪ್ಲೇಯರ್‌ಗಳಿಗೂ ಅವೇ ಗತಿ. ಹಾಗಾಗಿ ಎರಡು ಕೋಡೆಕ್ ಪ್ಯಾಕ್ (ಹಲವು ಕೋಡೆಕ್‌ಗಳ ಕಟ್ಟು) ಹಾಕಿದರೆ ಒಂದು ಇನ್ನೊಂದರ ಕಾಲೆಳೆದು, ನಿನ್ನೆಯವರೆಗೆ ಪ್ಲೇ ಆಗುತ್ತಿದ್ದ ಫೈಲೂ ನಿಲ್ಲುತ್ತಿತ್ತು. ಕೆಲವೊಮ್ಮೆ ಚಿತ್ರ ತಲೆಕೆಳಗಾಗುತ್ತಿತ್ತು. ಬಿಟ್‌ರೇಟ್ (ಸೆಕೆಂಡಿಗೆ ಬಳಸುವ ಡೇಟಾ) ಏರಿಳಿಯುವ ಎಂಪಿ3ಯನ್ನು ಎವಿಐಗೆ ತುರುಕಿದರೆ ತುಟಿಗೂ ಮಾತಿಗೂ ತಾಳ ತಪ್ಪುತ್ತಿತ್ತು, ಏಕೆಂದರೆ ಎವಿಐ ಅದಕ್ಕೆಂದು ರೂಪಿಸಿದ್ದೇ ಅಲ್ಲ.

ಲಿನಕ್ಸ್‌ಗೆ ಇಂಥ ಹಲವು ಕೋಡೆಕ್‌ಗಳು ಅಧಿಕೃತವಾಗಿ ಸಿಗುತ್ತಿರಲಿಲ್ಲ. 2000ದಲ್ಲಿ ಹಂಗೇರಿಯಲ್ಲಿ ಹುಟ್ಟಿದ ಎಂಪ್ಲೇಯರ್ ಎಂಬ ಪ್ಲೇಯರ್, ವಿಂಡೋಸ್‌ನ ಕೋಡೆಕ್‌ಗಳಿರುವ ಡಿಎಲ್‌ಎಲ್ ಫೈಲ್‌ಗಳನ್ನೇ ತಂದು ಲಿನಕ್ಸ್‌ನಲ್ಲಿ ಓಡಿಸಿತು. ಅದೇ ವರ್ಷ ಫ್ಯಾಬ್ರಿಸ್ ಬೆಲ್ಲಾರ್ ಆರಂಭಿಸಿದ ಎಫ್‌ಎಫ್‌ಎಂಪೆಗ್ ಎಂಬ ತಂತ್ರಾಂಶ, ಡಿಕೋಡರ್‌ಗಳನ್ನು (ಕೋಡೆಕ್‌ನ ಬಿಡಿಸುವ ಭಾಗ) ಹೊಸದಾಗಿ ಬರೆಯುವ ದಾರಿ ಹಿಡಿಯಿತು. ಇಂದಿನ ಬಹುಪಾಲು ಪ್ಲೇಯರ್‌ಗಳು ನಿಂತಿರುವುದು ಆ ದುಡಿಮೆಯ ಮೇಲೆ.

ವಿಎಲ್‌ಸಿ ಪ್ಲೇಯರ್‌ನ ಮೂಲ 1996ರಲ್ಲಿ ಪ್ಯಾರಿಸ್‌ನ ಎಕೋಲ್ ಸೆಂತ್ರಾಲ್‌ನ ವಿದ್ಯಾರ್ಥಿಗಳು ಕ್ಯಾಂಪಸ್ ನೆಟ್‌ವರ್ಕ್‌ನಲ್ಲಿ ವಿಡಿಯೊ ಹರಿಸಲು ಕೈಗೊಂಡ ಯೋಜನೆ. ಅವರು ಕೂಡಿಹಾಕಿದ್ದ ರಸ್ತೆಯ ಕೋನ್‌ಗಳೇ ಅದರ ಲಾಂಛನ. 2001ರ ಫೆಬ್ರವರಿ 1ರಂದು ಅದು ಯಾರು ಬೇಕಾದರೂ ಬಳಸಿ ತಿದ್ದಬಹುದಾದ ಜಿಪಿಎಲ್ ಪರವಾನಗಿಯಡಿ ಮುಕ್ತವಾಯಿತು. ಡಿಕೋಡರ್‌ಗಳನ್ನೆಲ್ಲ ಪ್ಲೇಯರ್ ತನ್ನೊಳಗೇ ಇಟ್ಟುಕೊಂಡಿದ್ದರಿಂದ ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಒಂದೇ ಫಲಿತಾಂಶ. ನೆಟ್‌ವರ್ಕ್‌ಗಾಗಿ ಹುಟ್ಟಿದ್ದರಿಂದ ನಡುವೆ ತುಣುಕು ಕಾಣೆಯಾದರೂ ಮುಂದಕ್ಕೆ ಹೋಗುತ್ತದೆ. ಅರ್ಧ ಡೌನ್‌ಲೋಡ್ ಆದ ಎವಿಐಯೂ ಅದರಲ್ಲಿ ತೆರೆಯುತ್ತದೆ. ಆದರೆ ಎಂಪಿ4ರ ಸೂಚಿ (ಯಾವ ತುಣುಕು ಎಲ್ಲಿದೆ ಎಂಬ ಪಟ್ಟಿ) ಫೈಲಿನ ಕೊನೆಯಲ್ಲಿದ್ದು, ಅದೇ ಬಂದಿರದಿದ್ದರೆ ವಿಎಲ್‌ಸಿಯೂ ಕೈಚೆಲ್ಲುತ್ತದೆ.

ಉಳಿದದ್ದು ಹಣದ ಪ್ರಶ್ನೆ. ಹಲವು ಕೋಡೆಕ್‌ಗಳ ಪೇಟೆಂಟಿಗೆ ತಯಾರಕರು ಪ್ರತಿ ಸಾಧನದ ಲೆಕ್ಕದಲ್ಲಿ ಶುಲ್ಕ ಕಟ್ಟಬೇಕು. 2012ರ ವಿಂಡೋಸ್ 8ರಿಂದ ಡಿವಿಡಿ ನೋಡುವ ಸೌಲಭ್ಯ ಮಾಯವಾದದ್ದಕ್ಕೂ, ವಿಂಡೋಸ್ 10ರಲ್ಲಿ ಎಚ್‌ಇವಿಸಿ ಎಂಬ ಕೋಡೆಕ್‌ನ ವಿಡಿಯೊಗೆ ದುಡ್ಡು ಕೊಟ್ಟು ಎಕ್ಸ್‌ಟೆನ್ಶನ್ ಕೊಳ್ಳಬೇಕಾದದ್ದಕ್ಕೂ, ಫೋನಿನಲ್ಲಿ ದನಿ ಬಾರದಿರುವುದಕ್ಕೂ ಬೇರು ಅಲ್ಲಿದೆ. ದುಡ್ಡು ಕೊಟ್ಟು ಕೊಂಡ ಯಂತ್ರ ತನ್ನ ಮಾಲೀಕನ ಫೈಲನ್ನೇ ತೆರೆಯದಿರುವುದು ಸಹಜ ಎನಿಸಿಬಿಟ್ಟಿದೆ.

ವಿಎಲ್‌ಸಿಯಲ್ಲಿ ಕಂಟ್ರೋಲ್ ಮತ್ತು ಜೆ ಕೀ ಒಟ್ಟಿಗೆ ಒತ್ತಿದರೆ ಒಳಗಿನ ಕೋಡೆಕ್‌ಗಳ ಪಟ್ಟಿ ಕಾಣುತ್ತದೆ. ದನಿಯ ಸಾಲಿನಲ್ಲಿ ಎ52 (ಡಾಲ್ಬಿಯ ಎಸಿ-3) ಅಥವಾ ಡಿಟಿಎಸ್ ಎಂಬ ಕೋಡೆಕ್ ಇದ್ದರೆ, ಎಫ್‌ಎಫ್‌ಎಂಪೆಗ್‌ನಲ್ಲಿ ಚಿತ್ರವನ್ನು ಹಾಗೇ ನಕಲಿಸಿ ದನಿಯನ್ನಷ್ಟೇ ಎಎಸಿ ಎಂಬ ಕೋಡೆಕ್‌ಗೆ ಬದಲಿಸಿದರೆ ಸಾಕು. ಕೆಲಸ ಬೇಗ ಮುಗಿಯುತ್ತದೆ, ಚಿತ್ರದ ಗುಣಮಟ್ಟ ಕುಂದುವುದಿಲ್ಲ. ಚಿತ್ರ ತಡವರಿಸುತ್ತಿದ್ದು, ಪಟ್ಟಿಯಲ್ಲಿ 10 ಬಿಟ್ ಎಚ್‌ಇವಿಸಿ ಎಂದಿದ್ದರೆ, ಹಳೆಯ ಪ್ರೊಸೆಸರ್‌ಗೆ ಅದು ಮೀರಿದ ಹೊರೆ, ಎಚ್.264 ಎಂಬ ಹಗುರ ಕೋಡೆಕ್‌ಗೆ ಬದಲಿಸಬೇಕು. ಕನ್ನಡ ಸಬ್‌ಟೈಟಲ್ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗಿ ಕಂಡರೆ ಅದು ಬಹುಶಃ ಯೂನಿಕೋಡ್‌ಗೆ ಮುಂಚಿನ ಹಳೆಯ ಆಸ್ಕಿ ಫಾಂಟಿನಲ್ಲಿ ಟೈಪಾದದ್ದು. ಯೂನಿಕೋಡ್‌ಗೆ ಪರಿವರ್ತಿಸಿ, ಯುಟಿಎಫ್-8 ಆಗಿ ಸೇವ್ ಮಾಡಿ.