ಭತ್ತದ ಬಯಲಿನಲ್ಲಿ ಸಾಮೂಹಿಕ ಇಲಿ ನಿಯಂತ್ರಣ

ಭತ್ತದ ಗದ್ದೆಯಲ್ಲಿ ಇಲಿಯ ಹಾವಳಿ ಕಣ್ಣಿಗೆ ಬೀಳುವುದು ಬಹುಪಾಲು ಪೈರು ಹೊಡೆಯಾದ (ಕಾಂಡದೊಳಗೆ ತೆನೆ ಕಟ್ಟಿದ) ಮೇಲೆ. ರೈತ ವಿಷದ ಪೊಟ್ಟಣ ತರುವ ಹೊತ್ತಿಗೆ ಕಾಲ ಮಿಂಚಿರುತ್ತದೆ. ಎಳೆಯ ಪೈರನ್ನು ಇಲಿ ಕತ್ತರಿಸಿದರೆ ಅದು ಹೊಸ ತೆಂಡೆ (ಬುಡದಿಂದ ಹೊರಡುವ ಕವಲು) ಒಡೆದು ನಷ್ಟವನ್ನು ಒಂದಿಷ್ಟು ತುಂಬಿಕೊಳ್ಳುತ್ತದೆ. ಹೊಡೆಯಾದ ತೆಂಡೆ ಬಿದ್ದರೆ ಆ ತೆನೆ ಹೋದಂತೆಯೇ.

ಆಗ್ನೇಯ ಏಷ್ಯಾದ ಗದ್ದೆಯಿಲಿಯ ಸಂತಾನಕಾಲ ಪೈರಿನ ಬೆಳವಣಿಗೆಗೆ ಹೊಂದಿಕೊಂಡಿದೆ. ತೆಂಡೆ ಒಡೆಯುವುದು ಮುಗಿಯುತ್ತ ಬಂದು ಹೊಡೆ ಕಟ್ಟುವ ವೇಳೆಗೆ ಹೆಣ್ಣಿಲಿಗಳು ಗರ್ಭ ಧರಿಸತೊಡಗುತ್ತವೆ. ಗರ್ಭಾವಧಿ ಸುಮಾರು 3 ವಾರ, ಒಂದು ಸೂಲಿಗೆ ಸರಾಸರಿ ಹತ್ತರಷ್ಟು ಮರಿ. ಹೆತ್ತ ಕೆಲವೇ ದಿನಗಳಲ್ಲಿ ಮತ್ತೆ ಗರ್ಭ ಕಟ್ಟುವುದರಿಂದ ಒಂದೇ ಬೆಳೆಯಲ್ಲಿ 3 ಸೂಲು ಸಾಧ್ಯ. ಆದ್ದರಿಂದ ನಾಟಿಯ ಮೊದಲ ವಾರಗಳಲ್ಲಿ ಹಿಡಿದ ಒಂದು ಹೆಣ್ಣಿಲಿ, ಕೊಯ್ಲಿನ ಹೊತ್ತಿಗೆ ಹಿಡಿಯಬೇಕಾಗುವ ಹತ್ತಾರು ಇಲಿಗಳಿಗೆ ಸಮ.

ಆದರೆ ಒಬ್ಬನೇ ರೈತ ಸಕಾಲದಲ್ಲಿ ಇಲಿ ಹಿಡಿದರೂ ಫಲ ಉಳಿಯುವುದಿಲ್ಲ. ಅವನು ಖಾಲಿ ಮಾಡಿದ ಜಾಗಕ್ಕೆ ಕಾಲುವೆಯ ದಂಡೆಯಿಂದ, ಪಕ್ಕದ ಗದ್ದೆಯಿಂದ ಬೇರೆ ಇಲಿಗಳು ಬಂದು ಸೇರುತ್ತವೆ. ಸತುವಿನ ಫಾಸ್ಫೈಡ್ ಎಂಬ ಇಲಿವಿಷ ಬೆರೆಸಿದ ತಿನಿಸನ್ನು ಸ್ವಲ್ಪ ತಿಂದು ಬದುಕುಳಿದ ಇಲಿ ಮತ್ತೆ ಅದನ್ನು ಮೂಸುವುದಿಲ್ಲ. ಹತಾಶರಾದವರು ಗದ್ದೆಯ ಸುತ್ತ ವಿದ್ಯುತ್ ತಂತಿ ಎಳೆಯುವುದುಂಟು. ಅದು ಮನುಷ್ಯರನ್ನೇ ಬಲಿ ತೆಗೆದುಕೊಂಡಿದೆ, ಯಾವ ಬೆಳೆಯೂ ಆ ಬೆಲೆಗೆ ಯೋಗ್ಯವಲ್ಲ.

ಇಂಡೋನೇಷ್ಯಾ ಮತ್ತು ವಿಯೆಟ್ನಾಂಗಳಲ್ಲಿ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ ಮತ್ತು ಆಸ್ಟ್ರೇಲಿಯಾದ ವಿಜ್ಞಾನಿಗಳು ಸ್ಥಳೀಯ ರೈತರೊಡನೆ ರೂಪಿಸಿದ ಕ್ರಮ ಇಡೀ ಬಯಲನ್ನೇ ಒಂದು ಗದ್ದೆಯೆಂದು ಎಣಿಸುತ್ತದೆ. ಎಲ್ಲರೂ ಸುಮಾರು 2 ವಾರಗಳೊಳಗೆ ನಾಟಿ ಮುಗಿಸುವುದು ಇದರ ಆಧಾರ: ನಾಟಿ ಹಿಂದುಮುಂದಾದರೆ ಬಯಲಿನಲ್ಲಿ ಹೊಡೆ ಕಟ್ಟಿದ ಪೈರು ತಿಂಗಳುಗಟ್ಟಲೆ ದೊರೆತು, ಆ ವರ್ಷ ಹುಟ್ಟಿದ ಮರಿಗಳೂ ಬೆಳೆದು ಅದೇ ಹಂಗಾಮಿನಲ್ಲಿ ಹೆರುತ್ತವೆ. ಬದುಗಳನ್ನು 30 ಸೆಂಟಿಮೀಟರಿಗಿಂತ ಕಿರಿದಾಗಿಸಿದರೆ ಬಿಲ ತೋಡುವುದು ಕಷ್ಟವಾಗುತ್ತದೆ. ನಾಟಿಯ ಆಸುಪಾಸಿನಲ್ಲಿ, ಇಲಿಗಳು ಕಾಲುವೆ ದಂಡೆಗಳಲ್ಲಿ ಗುಂಪಾಗಿರುವಾಗಲೇ ಊರವರು ಒಟ್ಟಾಗಿ ಬಿಲ ಅಗೆದು ಹಿಡಿಯುತ್ತಾರೆ.

ಇದರ ಜೊತೆಗೆ ಬರುವುದು ಬೇಲಿಬೋನು ಪದ್ಧತಿ. ನನ್ನ ಮಟ್ಟಿಗೆ ಇಲ್ಲಿನ ಅತ್ಯಂತ ಚತುರ ಯೋಚನೆ ಇದೇ. ಒಂದು ಸಣ್ಣ ತಾಕಿನಲ್ಲಿ, ಉಳಿದವರಿಗಿಂತ 2–3 ವಾರ ಮೊದಲೇ ನಾಟಿ ಮಾಡಿ, ಸುತ್ತ ಪ್ಲಾಸ್ಟಿಕ್ ಹಾಳೆಯ ಬೇಲಿ ಕಟ್ಟಿ, ಬೇಲಿಯ ಕಿಂಡಿಗಳಿಗೆ ಹಲವು ಇಲಿಗಳನ್ನು ಜೀವಂತ ಹಿಡಿಯುವ ಬೋನುಗಳನ್ನು ಇಡುತ್ತಾರೆ. ಮುಂಚಿತವಾಗಿ ಬಲಿಯುವ ಪೈರಿಗೆ ಆಕರ್ಷಿತವಾದ ಇಲಿಗಳು ಬೇಲಿಯಗುಂಟ ಓಡಿ ಕಿಂಡಿ ನುಗ್ಗಿ ಬೋನಿಗೆ ಬೀಳುತ್ತವೆ. ಹೀಗೆ ಒಂದು ತಾಕು ತನ್ನ ಸುತ್ತ ಸುಮಾರು 200 ಮೀಟರ್ ದೂರದೊಳಗಿನ, ಅಂದರೆ 10ರಿಂದ 15 ಹೆಕ್ಟೇರಿನಷ್ಟು ಬೇಲಿಯಿಲ್ಲದ ಗದ್ದೆಗಳನ್ನೂ ಕಾಯಬಲ್ಲದು.

ಬೇಲಿ ಒಬ್ಬನ ಗದ್ದೆಯಲ್ಲಿರುತ್ತದೆ, ಲಾಭ ಹಲವರದು. ಪ್ಲಾಸ್ಟಿಕ್ಕಿನ ಖರ್ಚು, ಪ್ರತಿ ಬೆಳಿಗ್ಗೆ ಬೋನು ಬರಿದು ಮಾಡುವ ದುಡಿಮೆ, ಬೇಗ ನಾಟಿಗೆ ಬೇಕಾದ ನೀರು, ಇವುಗಳ ಹಂಚಿಕೆಯನ್ನು ಹಂಗಾಮಿಗೆ ಮೊದಲೇ ಕುಳಿತು ತೀರ್ಮಾನಿಸದಿದ್ದರೆ ಬೇಲಿ ನಡುವೆಯೇ ಹರಿದುಹೋಗುತ್ತದೆ. ಇಲಿಯ ಕಾಟ ಕಡಿಮೆಯಿರುವ ಊರಿನಲ್ಲಿ ಬೇಲಿಗೆ ಹಾಕಿದ ಖರ್ಚು ಮರಳಿ ಹುಟ್ಟುವುದಿಲ್ಲ; ಅಲ್ಲಿ ಏಕಕಾಲದ ನಾಟಿ ಮತ್ತು ಆರಂಭದ ಸಾಮೂಹಿಕ ಬೇಟೆಯಷ್ಟನ್ನೇ ಮಾಡಿದರೆ ಸಾಕು.