ಸ್ಕ್ರೀನಿಂಗ್ ಅಂದರೆ ಜರಡಿ ಹಿಡಿಯುವುದು

"ಮನೆಯಲ್ಲಿ ಯಾರಿಗಾದ್ರೂ ಎರಡು ವಾರದಿಂದ ಕೆಮ್ಮು ಇದೆಯಾ ಅಕ್ಕಾ?" ಆಶಾ ಕಾರ್ಯಕರ್ತೆ ಬಾಗಿಲಲ್ಲಿ ನಿಂತು ಹೀಗೆ ಕೇಳಿದರೆ, ಟಿಬಿ ಸ್ಕ್ರೀನಿಂಗ್ ಶುರುವಾಯಿತು ಅಂತಲೇ ಅರ್ಥ. ಸೂಜಿ ಇಲ್ಲ, ಮಷೀನ್ ಇಲ್ಲ. ಆಮೇಲೆ ಇನ್ನು ಮೂರು ಪ್ರಶ್ನೆ: ಜ್ವರ ಬರುತ್ತಾ? ರಾತ್ರಿ ಮೈ ಬೆವರುತ್ತಾ? ತೂಕ ಇಳಿದಿದೆಯಾ?

ಕನ್ನಡದಲ್ಲಿ ಇದನ್ನು ತಪಾಸಣೆ ಅನ್ನುತ್ತೇವೆ. ರೋಗವನ್ನು ಖಚಿತ ಮಾಡುವ ಪರೀಕ್ಷೆಗೂ ಅದೇ ಪದ ಬಳಸುವುದರಿಂದ ಗೊಂದಲ ಆಗುತ್ತದೆ. ನನಗೆ ಜರಡಿ ಅನ್ನುವ ಮಾತೇ ಸರಿ ಅನಿಸುತ್ತದೆ. ರಾಗಿ ಹಿಟ್ಟು ಜರಡಿ ಹಿಡಿದಾಗ ಮೇಲೆ ಉಳಿಯುವುದೆಲ್ಲ ಕಲ್ಲಲ್ಲ, ತೌಡೇ ಜಾಸ್ತಿ ಅಲ್ವಾ? ಹಾಗೇ, ಒಂದು ಪ್ರಶ್ನೆಗೆ ಹೌದು ಅಂದವರಿಗೆಲ್ಲ ಟಿಬಿ ಇರುವುದಿಲ್ಲ. ಅವರ ಕಫ ನೋಡಬೇಕು, ಅಷ್ಟೇ. ಇದು ಗೊತ್ತಿಲ್ಲದೆ ಎಷ್ಟೋ ಜನ ಕಫದ ಡಬ್ಬಿ ಕಂಡರೇ ಹೆದರುತ್ತಾರೆ. ಊರಿಗೆ ಗೊತ್ತಾದರೆ ಮಗಳ ಮದುವೆಗೆ ಅಡ್ಡಿ ಅಂತ ಮುಚ್ಚಿಡುತ್ತಾರೆ.

ಆದರೆ ತಪ್ಪು ಬರೀ ಜನರದ್ದಲ್ಲ. 1960ರ ದಶಕದ ಶುರುವಿನಲ್ಲಿ ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ತುಮಕೂರು ಜಿಲ್ಲೆಯ ಟಿಬಿ ರೋಗಿಗಳನ್ನು ಮಾತಾಡಿಸಿದರು. 1963ರಲ್ಲಿ ಅಚ್ಚಾದ ಆ ಅಧ್ಯಯನ ಹೇಳಿದ್ದೇನು ಗೊತ್ತಾ? ಕಫದಲ್ಲಿ ರೋಗಾಣು ಇದ್ದವರಲ್ಲಿ ಸುಮಾರು ಅರ್ಧದಷ್ಟು ಮಂದಿ ಅದಾಗಲೇ ತಾವಾಗಿಯೇ ಆಸ್ಪತ್ರೆಗೆ ಹೋಗಿ ಬಂದಿದ್ದರು. ಅಲ್ಲಿ ಸಾಮಾನ್ಯವಾಗಿ ಸಿಕ್ಕಿದ್ದು ಒಂದು ಬಾಟಲಿ ಕೆಮ್ಮಿನ ಔಷಧಿ. ಕೆಮ್ಮು ಎಷ್ಟು ದಿನದಿಂದ ಅಂತ ಕೇಳಿ, ಕಫ ನೋಡಿದ್ದರೆ ರೋಗ ಅವತ್ತೇ ಸಿಗುತ್ತಿತ್ತು. ಜನಕ್ಕೆ ಅರಿವಿಲ್ಲ ಅಂತ ಸುಮ್ನೆ ದೂರುವಾಗಲೆಲ್ಲ ನನಗೆ ಆ ಬಾಟಲಿ ನೆನಪಾಗುತ್ತದೆ.

ಬರೀ ಪ್ರಶ್ನೆಗಳ ಜರಡಿಗೆ ಕಣ್ಣು ದೊಡ್ಡದು. 2019ರಿಂದ 2021ರವರೆಗೆ ನಡೆದ ದೇಶದ ಟಿಬಿ ಸಮೀಕ್ಷೆಯಲ್ಲಿ ಎದೆಯ ಎಕ್ಸ್‌ರೇ ತೆಗೆಯದೇ ಇದ್ದಿದ್ದರೆ ನೂರಕ್ಕೆ 40ಕ್ಕೂ ಹೆಚ್ಚು ರೋಗಿಗಳು ಕೈತಪ್ಪಿ ಹೋಗುತ್ತಿದ್ದರು. ಅದಕ್ಕೇ ಈಗ ಕೈಯಲ್ಲಿ ಹಿಡಿದು ಒಯ್ಯುವ ಎಕ್ಸ್‌ರೇ ಯಂತ್ರಗಳು ಹಳ್ಳಿ ಶಿಬಿರಕ್ಕೂ ಬರುತ್ತಿವೆ.

ಡಬ್ಬಿ ಕೈಗೆ ಬಂದರೆ ಒಂದು ವಿಷಯ ನೆನಪಿರಲಿ. ಬೇಕಾದ್ದು ಎಂಜಲಲ್ಲ, ಎದೆಯಾಳದ ಕಫ. ಬೆಳಗ್ಗೆ ಎದ್ದ ಕೂಡಲೇ ಬಾಯಿ ಮುಕ್ಕಳಿಸಿ, ಎರಡು ಮೂರು ಸಲ ಉಸಿರು ಜೋರಾಗಿ ಎಳೆದು ಕೆಮ್ಮಬೇಕು. ಅದೂ ಬಯಲಲ್ಲಿ, ಜನರಿಂದ ದೂರ ನಿಂತು. ಕಫದಲ್ಲಿ ಟಿಬಿ ರೋಗಾಣು ಇದೆಯಾ ಅಂತ ಹುಡುಕುವ ಟ್ರೂನಾಟ್ ಯಂತ್ರಕ್ಕೆ ಹಾಕಿದರೆ ಒಂದೆರಡು ಗಂಟೆಯಲ್ಲಿ ಫಲಿತಾಂಶ ಬರುತ್ತದೆ. ಸರ್ಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆ, ಮಾತ್ರೆ ಎರಡೂ ಉಚಿತ.

ಟಿಬಿ ಇದೆ ಅಂತ ಖಚಿತವಾದರೆ ಕಾರ್ಯಕರ್ತೆ ಮತ್ತೆ ಆ ಮನೆಗೇ ಬರುತ್ತಾರೆ. ಈ ಸಲ ಪ್ರಶ್ನೆ ಉಳಿದವರಿಗೆ. ರೋಗಿಯ ಪಕ್ಕದಲ್ಲೇ ಮಲಗುವ ಮಗುವಿನ ಬಗ್ಗೆ ಮೊದಲು ಕೇಳುತ್ತಾರೆ.