ಶನಿವಾರ ರಾತ್ರಿ 3 ಗಂಟೆ ಎಂದರೆ ಯಾವ ದಿನ?

ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ. ಸೌದಿ, ಕುವೈತ್, ಕತಾರ್, ಬಹರೈನ್ ಎರಡೂವರೆ ಗಂಟೆ ಹಿಂದೆ. ಮಂಗಳೂರು, ಉಡುಪಿಯಲ್ಲಿ ಇದು ಎಷ್ಟೋ ಮನೆಗಳಿಗೆ ಬಾಯಿಪಾಠ. ಈ ಕಳೆಯುವ ಲೆಕ್ಕಕ್ಕಾಗಿ ಯಾರೂ ಟೈಮ್ ಝೋನ್ ಕನ್ವರ್ಟರ್ (ಒಂದು ಊರಿನ ವೇಳೆಯನ್ನು ಇನ್ನೊಂದು ಊರಿನ ವೇಳೆಗೆ ತಿರುಗಿಸುವ ಪುಟ) ತೆರೆಯುವುದಿಲ್ಲ. ತೆರೆಯುವುದು ವಾರ, ತಾರೀಕು ಗೊಂದಲವಾದಾಗ. ಆದರೆ ಹೆಚ್ಚಿನ ಕನ್ವರ್ಟರ್‌ಗಳು ಗಂಟೆಯನ್ನು ದಪ್ಪಕ್ಷರದಲ್ಲಿ ಬರೆದು, ತಾರೀಕನ್ನು ಮೂಲೆಯಲ್ಲಿ ತೆಳು ಬೂದು ಬಣ್ಣದಲ್ಲಿ ಅಡಗಿಸಿಡುತ್ತವೆ.

ಉಡುಪಿಯ ಪರ್ಯಾಯವನ್ನೇ ತೆಗೆದುಕೊಳ್ಳಿ. 2026ರಲ್ಲಿ ಅದು ಜನವರಿ 18, ಭಾನುವಾರ. ನಸುಕಿನ 3 ಗಂಟೆಯ ಮೆರವಣಿಗೆಯ ನೇರಪ್ರಸಾರದ ಲಿಂಕ್ ಕಳಿಸುವವರು ವಾಟ್ಸಾಪ್‌ನಲ್ಲಿ ಬರೆಯುವುದು ‘ಶನಿವಾರ ರಾತ್ರಿ 3 ಗಂಟೆಗೆ’ ಎಂದು. ನಮ್ಮ ಆಡುಮಾತಿನಲ್ಲಿ ಬೆಳಕು ಹರಿಯುವ ತನಕ ಶನಿವಾರವೇ. ರಾತ್ರಿಯಿಡೀ ಯಕ್ಷಗಾನ ನೋಡುವ ಊರಿನಲ್ಲಿ ಬೇರೆ ಹೇಗೆ ಇದ್ದೀತು? ಕಂಪ್ಯೂಟರಿಗೆ ಮಾತ್ರ 12 ದಾಟಿದರೆ ಭಾನುವಾರ. ಸರಿಯಾಗಿ ನಮೂದಿಸಿದರೆ ನ್ಯೂಯಾರ್ಕ್‌ನಲ್ಲಿ ಶನಿವಾರ ಸಂಜೆ 4.30. ಕ್ಯಾಲೆಂಡರಿನಲ್ಲಿ ಶನಿವಾರವನ್ನೇ ಒತ್ತಿ 3 ಎಂದು ಹಾಕಿದರೆ ಉತ್ತರ ಶುಕ್ರವಾರ ಸಂಜೆ 4.30. ನಿಮಿಷವೂ ತಪ್ಪಿಲ್ಲ, ತಪ್ಪಿದ್ದು ಇಡೀ ದಿನ.

ಕನ್ವರ್ಟರ್ ತಯಾರಿಸುವವರ ಕೈಯಲ್ಲಿ ಇದಕ್ಕೆ ಸಣ್ಣ ಮದ್ದಿದೆ. ರಾತ್ರಿ 12ರಿಂದ ನಸುಕಿನ 5ರ ನಡುವಿನ ವೇಳೆ ಆರಿಸಿದ ಕೂಡಲೇ ಕೆಳಗೆ ಎರಡು ಬಟನ್ ತೋರಿಸಿ: ‘ಶುಕ್ರವಾರ ರಾತ್ರಿ ಕಳೆದು ಶನಿವಾರ ನಸುಕು’, ‘ಶನಿವಾರ ರಾತ್ರಿ ಕಳೆದು ಭಾನುವಾರ ನಸುಕು’. ಒಂದನ್ನು ಒತ್ತುವ ತನಕ ಉತ್ತರ ಕೊಡಬೇಡಿ. ಉತ್ತರದಲ್ಲಿ ವಾರದ ಹೆಸರಿಗೆ ಗಂಟೆಯಷ್ಟೇ ದೊಡ್ಡ ಅಕ್ಷರವಿರಲಿ. ತಾರೀಕು ಬದಲಾಗಿದ್ದರೆ ‘ಹಿಂದಿನ ದಿನ’ ಎಂದು ಪದದಲ್ಲೇ ಬರೆಯಿರಿ. ‘-1’ ಎಂಬ ಗುರುತು ಬರೆದವರಿಗೆ ಮಾತ್ರ ಅರ್ಥವಾಗುತ್ತದೆ.

ಕನ್ನಡದಲ್ಲಿ ತೋರಿಸುವಾಗ ಇನ್ನೊಂದು ಹಳ್ಳವಿದೆ. ಬ್ರೌಸರಿನ ಸಿದ್ಧ ಕನ್ನಡ ರೂಪ ಎಎಂ, ಪಿಎಂಗೆ ಪೂರ್ವಾಹ್ನ, ಅಪರಾಹ್ನ ಎನ್ನುತ್ತದೆ. ರಾತ್ರಿ 11 ಗಂಟೆ ‘11:00 ಅಪರಾಹ್ನ’ ಆಗುತ್ತದೆ. ಮದುವೆ ಕಾಗದದಲ್ಲೂ ಯಾರೂ ಹಾಗೆ ಬರೆಯುವುದಿಲ್ಲ. ನಸುಕು, ಬೆಳಗ್ಗೆ, ಮಧ್ಯಾಹ್ನ, ಸಂಜೆ, ರಾತ್ರಿ ಎಂಬ ಐದು ಪದಗಳನ್ನು ಗಂಟೆಗೆ ತಕ್ಕಂತೆ ನೀವೇ ಜೋಡಿಸಿ.

ಇನ್ನು ಒಳಗಿನ ಲೆಕ್ಕ. ‘ನ್ಯೂಯಾರ್ಕ್ ಅಂದರೆ ಹತ್ತೂವರೆ ಗಂಟೆ ಹಿಂದೆ’ ಎಂದು ಕೋಡ್‌ನಲ್ಲಿ ಬರೆದಿಟ್ಟರೆ ಚಳಿಗಾಲದಲ್ಲಿ ಸರಿ, ಬೇಸಿಗೆಯಲ್ಲಿ ಒಂದು ಗಂಟೆ ತಪ್ಪು. ಅಲ್ಲಿ 2007ರಿಂದ ಮಾರ್ಚ್‌ನ ಎರಡನೇ ಭಾನುವಾರ ಗಡಿಯಾರ ಒಂದು ಗಂಟೆ ಮುಂದಕ್ಕೆ, ನವೆಂಬರ್‌ನ ಮೊದಲ ಭಾನುವಾರ ಹಿಂದಕ್ಕೆ. ಬ್ರಿಟನ್ ಮತ್ತು ಯುರೋಪಿನ ಹೆಚ್ಚಿನ ದೇಶಗಳಲ್ಲಿ ಮಾರ್ಚ್, ಅಕ್ಟೋಬರ್‌ಗಳ ಕೊನೆಯ ಭಾನುವಾರ. ಹಾಗಾಗಿ 2026ರ ಮಾರ್ಚ್ 8ರಿಂದ 29ರ ತನಕ ನ್ಯೂಯಾರ್ಕ್ ಬದಲಾಗಿತ್ತು, ಲಂಡನ್ ಬದಲಾಗಿರಲಿಲ್ಲ. ನ್ಯೂಯಾರ್ಕ್‌ನ ಬೆಳಗ್ಗೆ 9.30ರ ಮೀಟಿಂಗ್ ಮಂಗಳೂರಿನಲ್ಲಿ ರಾತ್ರಿ 8ರಿಂದ 7ಕ್ಕೆ, ಲಂಡನ್‌ನಲ್ಲಿ ಮಧ್ಯಾಹ್ನ 2.30ರಿಂದ 1.30ಕ್ಕೆ ಸರಿಯಿತು. 29ರ ಬಳಿಕ ಲಂಡನ್ ಮತ್ತೆ 2.30ಕ್ಕೆ ಮರಳಿತು, ನಮ್ಮದು 7ರಲ್ಲೇ ಉಳಿಯಿತು.

ಆದ್ದರಿಂದ ಇಟ್ಟುಕೊಳ್ಳಬೇಕಾದ್ದು ಗಂಟೆಯ ಅಂತರವನ್ನಲ್ಲ, ಇಂಟರ್ನೆಟ್ಟಿನ ಹೆಸರು, ಸಂಖ್ಯೆಗಳನ್ನು ನೋಡಿಕೊಳ್ಳುವ ಐಎಎನ್ಎ ಸಂಸ್ಥೆಯ ಟೈಮ್ ಝೋನ್ ಡೇಟಾಬೇಸಿನ ಹೆಸರನ್ನು: ಏಷ್ಯಾ/ಕೋಲ್ಕತಾ, ಏಷ್ಯಾ/ದುಬೈ, ಅಮೆರಿಕ/ನ್ಯೂಯಾರ್ಕ್. ಅಂತರವನ್ನು ಆ ತಾರೀಕಿಗೆ ಆಗಲೇ ಲೆಕ್ಕ ಹಾಕಿಸಬೇಕು. ಕೆಲವು ಬ್ರೌಸರ್‌ಗಳು ಇಂದಿಗೂ ಏಷ್ಯಾ/ಕಲ್ಕತ್ತಾ ಎಂಬ ಹಳೆ ಹೆಸರನ್ನೇ ಕೊಡುತ್ತವೆ. ಎರಡೂ ಒಂದೇ ಎಂದು ನಿಮ್ಮ ಕೋಡ್‌ಗೆ ಗೊತ್ತಿರಬೇಕು. ಐಎಸ್‌ಟಿ ಎಂಬ ಮೂರಕ್ಷರವನ್ನು ಮಾತ್ರ ನಂಬಬೇಡಿ. ಇಸ್ರೇಲಿಗೂ ಐರ್ಲೆಂಡಿಗೂ ಅದೇ ಮೂರಕ್ಷರ. ಡೇಟಾಬೇಸ್ ವರ್ಷಕ್ಕೆ ಹಲವು ಸಲ ಬದಲಾಗುತ್ತದೆ: ಮೆಕ್ಸಿಕೊ 2022ರಲ್ಲಿ ದೇಶದ ಬಹುಭಾಗದಲ್ಲಿ ಬೇಸಿಗೆ ವೇಳೆ (ಗಡಿಯಾರ ಮುಂದಿಡುವ ಪದ್ಧತಿ) ಕೈಬಿಟ್ಟಿತು, ಈಜಿಪ್ಟ್ 2023ರಲ್ಲಿ ಮತ್ತೆ ತಂದಿತು. ಮುಂದಿನ ವರ್ಷದ ಕಾರ್ಯಕ್ರಮವನ್ನು ಯುಟಿಸಿಗೆ (ಜಗತ್ತಿಗೆಲ್ಲ ಒಂದೇ ಆದ ಮೂಲ ವೇಳೆಗೆ) ಬದಲಾಯಿಸಿ ಮಾತ್ರ ಇಟ್ಟರೆ ಇಂಥ ಬದಲಾವಣೆ ಬಂದಾಗ ವೇಳೆ ಸರಿದುಹೋಗುತ್ತದೆ. ಸ್ಥಳೀಯ ವೇಳೆ ಮತ್ತು ಝೋನ್ ಹೆಸರು, ಎರಡನ್ನೂ ಉಳಿಸಿ. ಹಂಚಿಕೊಳ್ಳುವ ಲಿಂಕಿನೊಳಗೂ ಇವೇ ಇರಲಿ.

ಬೇರೆ ಕನ್ವರ್ಟರ್‌ಗಳಲ್ಲಿ ಕಾಣುವ ಗಂಟೆಗೊಂದು ಚೌಕದ ಪಟ್ಟಿಯನ್ನು ನಕಲು ಮಾಡುವವರು ಭಾರತದ ಅರ್ಧ ಗಂಟೆಯನ್ನು ಮರೆಯುತ್ತಾರೆ. ನಮ್ಮ 9 ಗಂಟೆಯ ಚೌಕದ ಕೆಳಗೆ ದುಬೈಯ 7.30 ಬರಬೇಕು, ಬರುವುದು 7 ಅಥವಾ 8. ಕಠ್ಮಂಡು ನಮಗಿಂತ ಕಾಲು ಗಂಟೆ ಮುಂದೆ. ಹೆಜ್ಜೆ 15 ನಿಮಿಷದ್ದೇ ಆಗಬೇಕು, ಅಂದರೆ ದಿನಕ್ಕೆ 96. ಆದರೆ 360 ಪಿಕ್ಸೆಲ್ ಅಗಲದ ಮೊಬೈಲಿನಲ್ಲಿ ಒಂದು ಹೆಜ್ಜೆಗೆ ಸಿಗುವುದು 4 ಪಿಕ್ಸೆಲ್‌ಗೂ ಕಡಿಮೆ. ಬೆರಳು ಅಲ್ಲಿ ನಿಲ್ಲದು. ಪಟ್ಟಿಯನ್ನು ಎಳೆದು ಅಂದಾಜಿಗೆ ತಂದು, ಪಕ್ಕದ 48 ಪಿಕ್ಸೆಲ್‌ನ ಎರಡು ಬಟನ್‌ಗಳಿಂದ 15 ನಿಮಿಷ ಹಿಂದೆ ಮುಂದೆ ಮಾಡುವಂತಿರಲಿ.

ಊರು ಹುಡುಕುವಲ್ಲಿ ಹೆಚ್ಚು ಹೇಳಲಿಕ್ಕಿಲ್ಲ. ಡೇಟಾಬೇಸಿನಲ್ಲಿ ಮಂಗಳೂರೂ ಇಲ್ಲ, ಸೌದಿಯ ಜುಬೈಲೂ ಇಲ್ಲ, ಶಾರ್ಜಾವೂ ಇಲ್ಲ. ಜನ ಟೈಪ್ ಮಾಡುವುದು ಅವನ್ನೇ. ಕುವೈತ್, ಕುವೈಟ್ ಎರಡಕ್ಕೂ ಉತ್ತರ ಬರಬೇಕು.

ಪರೀಕ್ಷೆಗೆ ಎರಡು ತಾರೀಕು ಸಾಕಷ್ಟು ಕಾಟ ಕೊಡುತ್ತವೆ. ನ್ಯೂಯಾರ್ಕ್‌ನಲ್ಲಿ 2026ರ ಮಾರ್ಚ್ 8ರ ನಸುಕಿನ 2.30 ಎಂಬ ವೇಳೆಯೇ ಇರಲಿಲ್ಲ. ನವೆಂಬರ್ 1ರ ನಸುಕಿನ 1.30 ಎರಡು ಸಲ ಬರುತ್ತದೆ. ಹೆಚ್ಚಿನ ಪ್ರೋಗ್ರಾಮ್‌ಗಳು ಸದ್ದಿಲ್ಲದೆ ಒಂದನ್ನು ಆರಿಸಿಕೊಳ್ಳುತ್ತವೆ. ನಿಮ್ಮದು ಬಾಯಿಬಿಟ್ಟು ಹೇಳಲಿ, ಎರಡಿದ್ದಲ್ಲಿ ಕೇಳಲಿ.

ಒಂದನ್ನು ಮಾತ್ರ ಬದಲಾಯಿಸಲು ಹೋಗಬೇಡಿ: ಪಂಚಾಂಗ. ಭಾನುವಾರದ ರಾಹುಕಾಲ ಇಲ್ಲಿ ಸಂಜೆ 4.30ರಿಂದ 6 ಎಂದು ಅದನ್ನು ನ್ಯೂಯಾರ್ಕ್ ವೇಳೆಗೆ ತಿರುಗಿಸಿದರೆ ಬೆಳಗ್ಗೆ 7.30ಕ್ಕೆ, ಬೇಸಿಗೆಯಲ್ಲಿ 8.30ಕ್ಕೆ ಮುಗಿದುಬಿಡುತ್ತದೆ. ಅದು ಆಯಾ ಊರಿನ ಸೂರ್ಯೋದಯ, ಸೂರ್ಯಾಸ್ತದ ನಡುವಿನ ಹಗಲನ್ನು ಎಂಟು ಪಾಲು ಮಾಡಿ ತೆಗೆಯುವ ಲೆಕ್ಕ. ತಿಥಿ ಮುಗಿಯುವ ಕ್ಷಣವನ್ನು ಬದಲಾಯಿಸಬಹುದು, ಏಕಾದಶಿ ಉಪವಾಸದ ದಿನವನ್ನಲ್ಲ. ಪಂಚಾಂಗವನ್ನೂ ತಿರುಗಿಸುವ ಬಟನ್ ಕೇಳಿಕೊಂಡು ಬಳಕೆದಾರರು ಬಂದೇ ಬರುತ್ತಾರೆ. ಅವರ ಊರಿನ ಸೂರ್ಯೋದಯ ಲೆಕ್ಕ ಹಾಕುವ ಬೇರೆ ಪುಟ ಮಾಡಿ ಕೊಡಿ, ಕನ್ವರ್ಟರಿಗೆ ಅದನ್ನು ಅಂಟಿಸಬೇಡಿ.